ಬಚ್ಚಿಡದ ಅಪ್ಪ, ಬಚ್ಚಿಟ್ಟ ಮಗಳು: ಸ್ಟೀವ್ ಅಬಟ್ ಪ್ರಕರಣ

1973ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ನಡೆದ ಕಾರು ಅಪಘಾತವೊಂದರಲ್ಲಿ ಬಾರ್ಬರಾ ಎಂಬ ತರುಣಿ ತೀರಿಕೊಂಡರು. ಹಿಂದೆ ಉಳಿದವರು ಇಬ್ಬರು. ಇನ್ನೂ ಮೂರು ತುಂಬದ ಮಗಳು ಅಲೀಸಿಯಾ ಮತ್ತು ಮೂವತ್ತರ ಅಂಚಿನಲ್ಲಿದ್ದ ಗಂಡ ಸ್ಟೀವ್ ಅಬಟ್. ಸ್ಟೀವ್ ಕವಿ, ಚಿತ್ರಗಾರ, ವಿಯೆಟ್ನಾಂ ಯುದ್ಧವನ್ನು ವಿರೋಧಿಸಿದ ಚಳವಳಿಗಾರ. ಗಂಡಸರ ಕಡೆಗಿನ ತಮ್ಮ ಒಲವನ್ನು ಅವರು ಯಾರಿಂದಲೂ ಮುಚ್ಚಿಟ್ಟಿರಲಿಲ್ಲ. ಮಗುವನ್ನು ತಾವೇ ಸಾಕುವುದಾಗಿ ಬಾರ್ಬರಾ ಅವರ ತವರಿನ ಕಡೆಯಿಂದ ಮಾತು ಬಂತು. ಹಾಗೆ ಮಾಡಿದ್ದರೆ ಯಾರೂ ಸ್ಟೀವ್ ಅವರನ್ನು ದೂರುತ್ತಿರಲಿಲ್ಲ. ಕೈಯಲ್ಲಿ ಕಾಸಿಲ್ಲದ ವಿಧುರ ಕವಿಯೊಬ್ಬ ಹೆಣ್ಣುಮಗುವನ್ನು ಅಜ್ಜಿಯ ಮನೆಗೆ ಒಪ್ಪಿಸುವುದು ಯಾವ ದೇಶದಲ್ಲೂ ನಡೆಯುವ ಮಾತೇ. ಸ್ಟೀವ್ ಒಪ್ಪಲಿಲ್ಲ. ಮಗಳನ್ನು ಕರೆದುಕೊಂಡು 1974ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟುಬಿಟ್ಟರು.

ಅಲ್ಲಿಂದ ಮುಂದೆ 1992ರ ಡಿಸೆಂಬರ್ 2ರಂದು ಸ್ಟೀವ್ ಏಡ್ಸ್‌ನಿಂದ ತೀರಿಕೊಳ್ಳುವವರೆಗೆ ಈ ಅಪ್ಪ ಮಗಳ ಸಂಸಾರ ಹೇಗೆ ನಡೆಯಿತು, ಆಮೇಲೆ ಮಗಳು ಅಪ್ಪನನ್ನು ಹೇಗೆ ನೆನೆದಳು ಎಂಬುದೇ ಇಲ್ಲಿಯ ಪ್ರಕರಣ. ಮುಖ್ಯ ಆಧಾರಗಳು ಎರಡು. ಒಂದು, ಅಲೀಸಿಯಾ ಅಬಟ್ 2013ರಲ್ಲಿ ಪ್ರಕಟಿಸಿದ 'ಫೇರಿಲ್ಯಾಂಡ್' ಎಂಬ ನೆನಪಿನ ಪುಸ್ತಕ. ಇನ್ನೊಂದು, ಆ ಪುಸ್ತಕಕ್ಕೇ ಆಧಾರವಾದ ಸ್ಟೀವ್ ಅವರ ದಿನಚರಿಗಳು.

ಈ ಪ್ರಕರಣವನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ನಮ್ಮಲ್ಲಿ ಸಲಿಂಗಿ ತಂದೆಯ ಕಥೆ ಸಾಮಾನ್ಯವಾಗಿ ಬೇರೆ ದಾರಿ ಹಿಡಿಯುತ್ತದೆ. ಮನೆಯವರ ಒತ್ತಾಯಕ್ಕೊಂದು ಮದುವೆ, ಎರಡು ಮಕ್ಕಳು, ಬದುಕಿಡೀ ಕಾಪಾಡಿಕೊಂಡ ಗುಟ್ಟು. ಕಡೆಗೆ ಹನ್ನೊಂದನೆಯ ದಿನ ಯಾರೋ ಗೆಳೆಯ ದೂರದಲ್ಲಿ ನಿಂತು ಅತ್ತದ್ದನ್ನು ಕಂಡು ನೆಂಟರ ಪಿಸುಮಾತು. ಅಲ್ಲಿ ಮಕ್ಕಳು ಅಪ್ಪನನ್ನು ಕಳೆದುಕೊಳ್ಳುವುದು ಎರಡು ಸಲ. ಸಾವಿನಲ್ಲಿ ಒಮ್ಮೆ, ತಮಗೆ ಗೊತ್ತಿದ್ದವರು ಅರ್ಧ ಮನುಷ್ಯ ಮಾತ್ರ ಎಂದು ತಿಳಿದಾಗ ಇನ್ನೊಮ್ಮೆ. ಅಬಟ್ ಮನೆಯಲ್ಲಿ ಗುಟ್ಟೇ ಇರಲಿಲ್ಲ. ಹಾಗಿದ್ದರೆ ಎಲ್ಲವೂ ಸುಸೂತ್ರವಾಗಿರಬೇಕಿತ್ತಲ್ಲ? ಇರಲಿಲ್ಲ.

ಹಿನ್ನೆಲೆ

ಸ್ಟೀವ್ ಹುಟ್ಟಿದ್ದು 1943ರಲ್ಲಿ, ನೆಬ್ರಾಸ್ಕಾ ರಾಜ್ಯದ ಲಿಂಕನ್ ಪಟ್ಟಣದಲ್ಲಿ. ಅಟ್ಲಾಂಟಾದ ಎಮೊರಿ ವಿಶ್ವವಿದ್ಯಾಲಯದಲ್ಲಿ ಓದುವಾಗ ಎಡಪಂಥೀಯ ವಿದ್ಯಾರ್ಥಿ ಚಳವಳಿಯ ನಂಟು ಬೆಳೆಯಿತು. ಬಾರ್ಬರಾ ಪರಿಚಯವಾದದ್ದೂ ಅದೇ ಬಳಗದಲ್ಲಿ. ತನ್ನ ಒಲವು ಗಂಡಸರ ಕಡೆಗೂ ಇದೆ ಎಂದು ಸ್ಟೀವ್ ಮದುವೆಗೆ ಮುಂಚೆಯೇ ಹೇಳಿದ್ದರು. ಬಾರ್ಬರಾ ಅದನ್ನು ಕೊರತೆಯಾಗಿ ಕಾಣಲಿಲ್ಲ. ಅಲೀಸಿಯಾ ಹುಟ್ಟಿದ್ದು 1970ರ ಡಿಸೆಂಬರ್‌ನಲ್ಲಿ. ಅಟ್ಲಾಂಟಾದ ಪರ್ಯಾಯ ಪತ್ರಿಕೆ 'ದಿ ಗ್ರೇಟ್ ಸ್ಪೆಕಲ್ಡ್ ಬರ್ಡ್'ನಲ್ಲಿ ಸ್ಟೀವ್ ಸಲಿಂಗಿಗಳ ಬಿಡುಗಡೆಯ ಕುರಿತು ಬರೆಯುತ್ತಿದ್ದರು. ಅಂದರೆ ಹೆಂಡತಿಗೆ ಗೊತ್ತು, ಗೆಳೆಯರಿಗೆ ಗೊತ್ತು, ಪತ್ರಿಕೆ ಓದುವವರಿಗೂ ಗೊತ್ತು.

ಆ ಕಾಲದಲ್ಲಿ ಇದಕ್ಕೆ ತೆರಬೇಕಾದ ಬೆಲೆ ಏನೆಂದು ಸ್ವಲ್ಪ ನಿಂತು ನೋಡಬೇಕು. ಅಮೆರಿಕದ ಮನೋವೈದ್ಯರ ಸಂಘ ಸಲಿಂಗ ಒಲವನ್ನು ಮನೋರೋಗಗಳ ಪಟ್ಟಿಯಿಂದ ಕೈಬಿಡಲು ತೀರ್ಮಾನಿಸಿದ್ದು 1973ರ ಡಿಸೆಂಬರ್‌ನಲ್ಲಿ. ಅಂದರೆ ಬಾರ್ಬರಾ ತೀರಿಕೊಂಡ ದಿನ ಸ್ಟೀವ್ ವೈದ್ಯರ ಕೈಪಿಡಿಯ ಪ್ರಕಾರ ರೋಗಿ. ಅಟ್ಲಾಂಟಾ ಇರುವ ಜಾರ್ಜಿಯಾ ರಾಜ್ಯದ ಕಾನೂನಿನ ಕಣ್ಣಿನಲ್ಲಿ ಅಪರಾಧಿ, ಅದೂ 20 ವರ್ಷದವರೆಗೆ ಜೈಲಿಗೆ ತಳ್ಳಬಹುದಾದ ಅಪರಾಧಿ. ಅದು ಧೂಳು ಹಿಡಿದ ಹಳೆಯ ಕಾನೂನಾಗಿತ್ತು ಎಂದು ತಳ್ಳಿಹಾಕುವಂತಿಲ್ಲ. ಅಟ್ಲಾಂಟಾದ ಯುವಕನೊಬ್ಬನನ್ನು ಅವನ ಮಲಗುವ ಕೋಣೆಯಲ್ಲೇ ಪೊಲೀಸರು ಹಿಡಿದದ್ದು 1982ರಲ್ಲಿ. ಆ ಮೊಕದ್ದಮೆಯಲ್ಲಿ, ಅಂದರೆ ಬೋವರ್ಸ್ ವಿರುದ್ಧ ಹಾರ್ಡ್‌ವಿಕ್ ಪ್ರಕರಣದಲ್ಲಿ, ಅಮೆರಿಕದ ಸುಪ್ರೀಂ ಕೋರ್ಟ್ 1986ರಲ್ಲಿ ಕಾನೂನನ್ನೇ ಎತ್ತಿಹಿಡಿಯಿತು.

ಮಕ್ಕಳ ವಿಷಯಕ್ಕೆ ಬಂದರೆ ನ್ಯಾಯಾಲಯಗಳು ಇನ್ನೂ ಕಠಿಣವಾಗಿದ್ದವು. ಗಂಡಸಿನ ಜೊತೆ ಸಂಸಾರ ಮಾಡುತ್ತಿರುವ ತಂದೆ ಮಗುವಿನ ಪಾಲನೆಗೆ ಯೋಗ್ಯನಲ್ಲ ಎಂದು ವರ್ಜೀನಿಯಾದ ಸುಪ್ರೀಂ ಕೋರ್ಟ್ 1985ರಲ್ಲಿ ಹೇಳಿತು. ಮಗುವಿಗೆ ಕೆಡುಕಾಗಿದೆಯೇ ಎಂಬ ಪ್ರಶ್ನೆಗೆ ಅಲ್ಲಿ ಹೆಚ್ಚಿನ ಬೆಲೆ ಇರಲಿಲ್ಲ. ಸಂಗಾತಿ ಗಂಡಸು ಎಂಬುದೇ ಸಾಕಿತ್ತು. ಆ ಕಾಲದ ಬಹುಪಾಲು ಸಲಿಂಗಿ ತಂದೆ ತಾಯಂದಿರು ಮಕ್ಕಳನ್ನು ಕಳೆದುಕೊಂಡದ್ದು ವಿಚ್ಛೇದನದ ಮೊಕದ್ದಮೆಗಳಲ್ಲಿ. ಸ್ಟೀವ್ ವಿಧುರರಾದ್ದರಿಂದ ಅವರಿಗೆ ಎದುರುವಾದಿ ಇರಲಿಲ್ಲ. ಬಾರ್ಬರಾ ಅವರ ತಂದೆ ತಾಯಿ ಹಟ ಹಿಡಿದು ಕೋರ್ಟಿನ ಮೆಟ್ಟಿಲು ಹತ್ತಿದ್ದರೆ ಈ ಕಥೆ ಎರಡನೆಯ ಪುಟದಲ್ಲೇ ಮುಗಿಯುತ್ತಿತ್ತೇನೋ. ಅವರು ಹತ್ತಲಿಲ್ಲ. ಬೇಸಿಗೆ ರಜೆಯಲ್ಲಿ ಮೊಮ್ಮಗಳನ್ನು ಇಲಿನಾಯ್ ರಾಜ್ಯದ ಕಿವಾನಿ ಎಂಬ ಊರಿಗೆ ಕರೆಸಿಕೊಳ್ಳುತ್ತಿದ್ದರು. ಸ್ಟೀವ್ ಅವರ ಧೈರ್ಯವನ್ನು ಹೊಗಳುವಾಗ ಈ ಅಜ್ಜ ಅಜ್ಜಿಯ ಸಂಯಮವನ್ನೂ ಲೆಕ್ಕಕ್ಕೆ ಹಿಡಿಯಬೇಕು ಎಂಬುದು ನನ್ನ ಅನಿಸಿಕೆ.

ಹೈಟ್-ಆಶ್‌ಬರಿಯ ಸಂಸಾರ

ಹಿಪ್ಪಿಗಳ ಕಾಲದಲ್ಲಿ ಹೆಸರಾಗಿದ್ದ ಸ್ಯಾನ್ ಫ್ರಾನ್ಸಿಸ್ಕೊದ ಹೈಟ್-ಆಶ್‌ಬರಿ 1970ರ ದಶಕದ ನಡುವಿಗೆ ಬರುವ ಹೊತ್ತಿಗೆ ಸೊರಗಿದ ಬಡಾವಣೆ. ಬಾಡಿಗೆ ಕಡಿಮೆ ಎಂಬುದೇ ಅದರ ಆಕರ್ಷಣೆ. ಮೊದಮೊದಲು ಮನೆಯಲ್ಲಿ ಬೇರೆ ಬಾಡಿಗೆದಾರರೂ ಇದ್ದರು, ಹೆಣ್ಣುಡುಗೆ ತೊಟ್ಟು ಸಿಂಗರಿಸಿಕೊಳ್ಳುವ ಗೆಳೆಯರೂ ಇದ್ದರು. ಪುಟ್ಟ ಹುಡುಗಿಗೆ ಅದು ದಿನವೂ ವೇಷಭೂಷಣದ ಹಬ್ಬ. ಅಪ್ಪನಿಗೆ ಗೆಳೆಯರು ಬರುತ್ತಿದ್ದರು, ಕೆಲವರು ಉಳಿಯುತ್ತಿದ್ದರು, ಹೋಗುತ್ತಿದ್ದರು. ಹಾಗೆ ಹೋದವರ ಪೈಕಿ ಒಬ್ಬಿಬ್ಬರನ್ನು ಮಗುವೂ ಹಚ್ಚಿಕೊಂಡಿರುತ್ತಿತ್ತು. ಅವರು ಬಿಟ್ಟು ಹೋದಾಗ ಅದರ ದುಃಖವನ್ನು ವಿಚಾರಿಸುವವರು ಇರಲಿಲ್ಲ.

ಸಂಜೆಯಾದರೆ ಕವಿಗೋಷ್ಠಿ. ಮಗಳನ್ನು ಬಿಟ್ಟು ಹೋಗಲು ಜನವಿಲ್ಲ, ಆಯಾ ಇಡಲು ಹಣವಿಲ್ಲ. ಹೀಗಾಗಿ ಪುಸ್ತಕದಂಗಡಿಗಳ ಹಿಂದಿನ ಸಾಲಿನಲ್ಲಿ ಕೂತು ಅಲೀಸಿಯಾ ಚಿತ್ರ ಬರೆಯುತ್ತಿದ್ದಳು, ಮುಂದೆ ಅಪ್ಪ ತನ್ನ ಪ್ರೇಮ ಕಾಮಗಳ ಕವಿತೆ ಓದುತ್ತಿದ್ದರು. ಶಾಲೆಯ ಬಳಿ ಕರೆದೊಯ್ಯಲು ಬರುತ್ತಿದ್ದುದು ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ ಕಾರು.

ಸ್ಟೀವ್ ಸಾಹಿತ್ಯದಲ್ಲಿ ಮಾಡಿದ ಕೆಲಸ ಸಣ್ಣದೇನಲ್ಲ. ಆ ಪ್ರದೇಶದ ಕವಿಗಳೆಲ್ಲ ಕಣ್ಣಿಡುತ್ತಿದ್ದ 'ಪೊಯಟ್ರಿ ಫ್ಲ್ಯಾಶ್' ಪತ್ರಿಕೆಯ ಸಂಪಾದಕರಾಗಿದ್ದರು. 'ಸೂಪ್' ಎಂಬ ತಮ್ಮದೇ ಪತ್ರಿಕೆ ತಂದರು. 1981ರಲ್ಲಿ ಬ್ರೂಸ್ ಬೂನ್ ಅವರೊಡನೆ ಸೇರಿ 'ಲೆಫ್ಟ್/ರೈಟ್' ಎಂಬ ಲೇಖಕರ ಸಮಾವೇಶ ನಡೆಸಿದರು. ಬಿಳಿಯರು, ಕರಿಯರು, ಸಲಿಂಗಿಗಳು, ಸ್ತ್ರೀವಾದಿಗಳು ಎಂದು ಬೇರೆ ಬೇರೆ ಗುಂಪಾಗಿದ್ದವರನ್ನು ಒಂದೇ ಸೂರಿನಡಿ ಕೂರಿಸುವ ಪ್ರಯತ್ನವದು. ಬರೆಯುವವನ ದೇಹ, ಗೆಳೆತನ, ಹರಟೆ, ಕಾಮ ಎಲ್ಲವೂ ಹೆಸರು ಹಿಡಿದು ಬರಹದೊಳಗೆ ಬರಬೇಕು ಎನ್ನುವ ಪಂಥವನ್ನು 'ನ್ಯೂ ನರೇಟಿವ್' ಎಂದು ಕರೆದವರೂ ಅವರೇ. ಇಂಥವರ ಮನೆಯಲ್ಲಿ ಗುಟ್ಟು ಉಳಿಯುವುದಾದರೂ ಹೇಗೆ?

ಗುಟ್ಟು ಕೈ ಬದಲಾಯಿಸಿದ್ದು

ಪ್ರಕರಣದ ತಿರುಳು ಇಲ್ಲಿದೆ. ಅಪ್ಪ ಬಚ್ಚಿಡಲಿಲ್ಲ. ಬಚ್ಚಿಡುವ ಕೆಲಸ ಮಗಳ ಪಾಲಿಗೆ ಬಂತು.

ಅಲೀಸಿಯಾ ಹೋಗುತ್ತಿದ್ದುದು ಫ್ರೆಂಚ್ ಮತ್ತು ಇಂಗ್ಲಿಷ್ ಎರಡರಲ್ಲೂ ಕಲಿಸುವ ಖಾಸಗಿ ಶಾಲೆಗೆ. ಅಲ್ಲಿಯ ಗೆಳತಿಯರ ಮನೆಗಳಲ್ಲಿ ಅಮ್ಮ ಇದ್ದರು, ಹೊತ್ತಿಗೆ ಸರಿಯಾಗಿ ಊಟವಿತ್ತು. ತನ್ನ ಮನೆ ಹಾಗಿಲ್ಲ ಎಂಬುದು ಅರ್ಥವಾಗುವ ವಯಸ್ಸು ಬರುತ್ತಿದ್ದ ಹಾಗೆ ಹುಡುಗಿ ಮಾತು ಕಡಿಮೆ ಮಾಡಿದಳು. ಅಪ್ಪನ ವಿಷಯ ಗೆಳತಿಯರ ಬಳಿ ಎತ್ತುತ್ತಿರಲಿಲ್ಲ. ಹದಿಹರೆಯಕ್ಕೆ ಕಾಲಿಟ್ಟ ಮೇಲೆ ಬೀದಿಯಲ್ಲಿ ಅಪ್ಪನ ಉಡುಗೆ, ನಡಿಗೆ ಯಾರ ಕಣ್ಣಿಗೆ ಬೀಳುತ್ತದೋ ಎಂಬ ಆತಂಕ. ಸ್ಯಾನ್ ಫ್ರಾನ್ಸಿಸ್ಕೊದಂಥ ಊರಿನಲ್ಲೂ ಇದು ತಪ್ಪಲಿಲ್ಲ ಎನ್ನುವುದನ್ನು ಗಮನಿಸಬೇಕು. ಊರು ಎಷ್ಟೇ ಉದಾರವಾಗಿದ್ದರೂ ಶಾಲೆಯ ಅಂಗಳಕ್ಕೆ ಅದರದೇ ಕಾನೂನು.

ಹೊರಗಿನ ಗಾಳಿಯೂ ಹಾಗೇ ಇತ್ತು. 1977ರಲ್ಲಿ ಫ್ಲಾರಿಡಾದ ಗಾಯಕಿ ಅನಿಟಾ ಬ್ರಯಂಟ್ 'ನಮ್ಮ ಮಕ್ಕಳನ್ನು ಉಳಿಸಿ' ಎಂಬ ಘೋಷಣೆಯೊಡನೆ ಸಲಿಂಗಿಗಳ ವಿರುದ್ಧ ಅಭಿಯಾನ ಹೂಡಿ ಗೆದ್ದರು. ಮರುವರ್ಷ ಕ್ಯಾಲಿಫೋರ್ನಿಯಾದಲ್ಲಿ ಸಲಿಂಗಿ ಶಿಕ್ಷಕರನ್ನು ಸರ್ಕಾರಿ ಶಾಲೆಗಳಿಂದ ಕಿತ್ತುಹಾಕುವ 'ಪ್ರೊಪೊಸಿಷನ್ 6' ಮತದಾನಕ್ಕೆ ಬಂತು. 1978ರ ನವೆಂಬರ್ 7ರಂದು ಶೇಕಡಾ 58ರಷ್ಟು ಮತದಾರರು ಅದನ್ನು ತಿರಸ್ಕರಿಸಿದರು. ಸಂಭ್ರಮ ಮೂರು ವಾರವೂ ಬಾಳಲಿಲ್ಲ. ನವೆಂಬರ್ 27ರಂದು ನಗರದ ಮೇಯರ್ ಜಾರ್ಜ್ ಮಾಸ್ಕೋನಿ ಅವರನ್ನೂ, ಸಲಿಂಗಿಯೆಂದು ಬಹಿರಂಗವಾಗಿ ಹೇಳಿಕೊಂಡೇ ಚುನಾವಣೆ ಗೆದ್ದಿದ್ದ ಹಾರ್ವಿ ಮಿಲ್ಕ್ ಅವರನ್ನೂ ನಗರಸಭೆಯ ಕಟ್ಟಡದಲ್ಲೇ ಗುಂಡಿಟ್ಟು ಕೊಂದರು. ಈ ವಾದಗಳ ನಡುವೆ ಎಲ್ಲರ ಬಾಯಲ್ಲೂ 'ಮಕ್ಕಳು' ಎಂಬ ಮಾತಿತ್ತು. ಸಲಿಂಗಿಗಳ ಕೈಯಿಂದ ಮಕ್ಕಳನ್ನು ಕಾಪಾಡಬೇಕು ಎಂದು ಕೂಗುತ್ತಿದ್ದವರಿಗೆ, ಸಲಿಂಗಿಯೊಬ್ಬರ ಮನೆಯಲ್ಲಿ ಏಳು ವರ್ಷದ ಮಗಳು ಹಾಲು ಕುಡಿದು ಮಲಗುತ್ತಿದ್ದಾಳೆ ಎಂಬ ಕಲ್ಪನೆಯೇ ಇರಲಿಲ್ಲ.

ಸ್ಟೀವ್ ಎಲ್ಲೆಲ್ಲಿ ಎಡವಿದರು ಎಂಬುದನ್ನು ಅಲೀಸಿಯಾ ಮರೆಮಾಚುವುದಿಲ್ಲ. ಮಾದಕ ವಸ್ತುಗಳ ಚಟವಿತ್ತು. ಚಿಕ್ಕ ಮಗಳನ್ನು ಮನೆಯಲ್ಲಿ ಒಂಟಿಯಾಗಿ ಬಿಟ್ಟು ರಾತ್ರಿ ಹೊರಗೆ ಹೋದದ್ದಿತ್ತು. ಪ್ರೇಮ ಮುರಿದಾಗ ಅವರು ಕುಸಿಯುತ್ತಿದ್ದರು, ಆಗ ಮನೆಯಲ್ಲಿ ಅವರ ದುಃಖಕ್ಕೆ ಕಿವಿಯಾಗಲು ಇದ್ದದ್ದು ಮಗಳು ಮಾತ್ರ. ಇವನ್ನೆಲ್ಲ ಓದುವಾಗ ನನಗೂ ಸಿಟ್ಟು ಬಂದದ್ದುಂಟು. ಆದರೆ ಈ ತಪ್ಪುಗಳನ್ನು ಅವರ ಒಲವಿನ ಖಾತೆಗೆ ಬರೆಯುವುದು ತಪ್ಪು ಲೆಕ್ಕ. ಕುಡಿದು ಬಂದು ಮಲಗುವ, ಮಕ್ಕಳ ಹುಟ್ಟುಹಬ್ಬ ಮರೆಯುವ ಅಪ್ಪಂದಿರು ನಮ್ಮ ಎಲ್ಲ ಬೀದಿಗಳಲ್ಲೂ ಇದ್ದಾರೆ. ಅವರು ಹೆಂಗಸರನ್ನು ಮದುವೆಯಾದವರು ಎಂಬುದನ್ನು ಯಾರೂ ಅದಕ್ಕೆ ಕಾರಣವಾಗಿ ಹೇಳುವುದಿಲ್ಲ. ಸ್ಟೀವ್ ಎಳೆಯ ವಯಸ್ಸಿನಲ್ಲಿ ಹೆಂಡತಿಯನ್ನು ಕಳೆದುಕೊಂಡು, ನೆರವಿಲ್ಲದೆ, ನಿಶ್ಚಿತ ಆದಾಯವಿಲ್ಲದೆ ಮಗು ಸಾಕಿದವರು. ತಮಗೆ ಮಾದರಿ ಎಂದು ನೋಡಲು ಸಲಿಂಗಿ ತಂದೆಯೊಬ್ಬರೂ ಸುತ್ತಮುತ್ತ ಇರಲಿಲ್ಲ. ಮುಂದೆ ಅವರು ಚಟ ಬಿಟ್ಟರು, ಜೆನ್ ಬೌದ್ಧ ಧ್ಯಾನಕ್ಕೆ ಕೂತರು. ಕಡೆಯ ವರ್ಷಗಳ ಸ್ಟೀವ್ ಹೆಚ್ಚು ನಿಂತ ಮನಸ್ಸಿನವರು.

ರೋಗ

1981ರ ಜೂನ್ 5ರಂದು ಲಾಸ್ ಏಂಜಲೀಸ್‌ನ ಐವರು ಯುವಕರ ವಿಚಿತ್ರ ನ್ಯುಮೋನಿಯಾ ಕುರಿತ ಪುಟ್ಟ ವರದಿ ಪ್ರಕಟವಾಯಿತು. ಏಡ್ಸ್‌ನ ಬಗೆಗಿನ ಮೊದಲ ಅಧಿಕೃತ ಬರಹ ಅದು. ಕೆಲವೇ ವರ್ಷಗಳಲ್ಲಿ ಸ್ಟೀವ್ ಅವರ ವಿಳಾಸ ಪುಸ್ತಕದ ಹೆಸರುಗಳು ಒಂದೊಂದಾಗಿ ಉದುರತೊಡಗಿದವು. ಸೋಂಕು ಪತ್ತೆ ಹಚ್ಚುವ ರಕ್ತಪರೀಕ್ಷೆ ಬಂದದ್ದು 1985ರಲ್ಲಿ, ಮೊದಲ ಔಷಧಿ ಎಜೆಡ್‌ಟಿಗೆ ಒಪ್ಪಿಗೆ ಸಿಕ್ಕಿದ್ದು 1987ರಲ್ಲಿ. ಹಲವು ಔಷಧಿಗಳನ್ನು ಒಟ್ಟಿಗೆ ಕೊಟ್ಟು ಜೀವ ಉಳಿಸುವ ಸಂಯುಕ್ತ ಚಿಕಿತ್ಸೆ ಕೈಗೆ ಬರಲು 1996ರವರೆಗೆ ಕಾಯಬೇಕಾಯಿತು. ಸ್ಟೀವ್‌ಗೆ ಅಷ್ಟು ಕಾಲ ಸಿಗಲಿಲ್ಲ. ಅವರು ತೀರಿಕೊಂಡ 1992ರಲ್ಲಿ ಅಮೆರಿಕದ 25ರಿಂದ 44 ವರ್ಷದ ಗಂಡಸರ ಸಾವಿಗೆ ಮೊದಲ ಕಾರಣ ಏಡ್ಸ್ ಆಗಿತ್ತು.

ಆ ಹೊತ್ತಿಗೆ ಅಲೀಸಿಯಾ ನ್ಯೂಯಾರ್ಕ್‌ನಲ್ಲಿ ಕಾಲೇಜು ವಿದ್ಯಾರ್ಥಿನಿ. ನಡುವೆ ಪ್ಯಾರಿಸ್‌ನಲ್ಲೂ ಓದಿದ್ದರು. ಅಪ್ಪನಿಂದ ಕಾಗದಗಳು ಬರುತ್ತಿದ್ದವು. ಕಡೆಗೆ ಬಂದದ್ದು ವಾಪಸು ಬಾ ಎಂಬ ಕರೆ. ಇಪ್ಪತ್ತರ ಹುಡುಗಿಗೆ ತನ್ನದೇ ಬದುಕು ಆಗತಾನೇ ತೆರೆದುಕೊಳ್ಳುತ್ತಿತ್ತು. ಹೋಗಲು ಮನಸ್ಸಿರಲಿಲ್ಲ, ಹೋಗದಿರಲೂ ಆಗಲಿಲ್ಲ. ಹೋದರು. ವಯಸ್ಸಾದ ತಂದೆ ತಾಯಿಯನ್ನು ನಡುವಯಸ್ಸಿನ ಮಕ್ಕಳು ನೋಡಿಕೊಳ್ಳುವುದು ನಮಗೆ ಗೊತ್ತಿರುವ ಕ್ರಮ. ಇಲ್ಲಿ ರೋಗಿಗೆ ಐವತ್ತು ತುಂಬಿಲ್ಲ, ಆರೈಕೆ ಮಾಡುವವರಿಗೆ ಇಪ್ಪತ್ತೆರಡು ತುಂಬಿಲ್ಲ, ಪಾಳಿ ಬದಲಾಯಿಸಲು ಒಡಹುಟ್ಟಿದವರಿಲ್ಲ.

ಸ್ಟೀವ್ ಕೊನೆಯುಸಿರೆಳೆದದ್ದು ಕ್ಯಾಸ್ಟ್ರೊ ಬಡಾವಣೆಯ ಹಾರ್ಟ್‌ಫರ್ಡ್ ಬೀದಿಯಲ್ಲಿದ್ದ 'ಮೈತ್ರಿ' ಎಂಬ ಆರೈಕೆ ಮನೆಯಲ್ಲಿ. ಅದರ ಹಿಂದೆಯೂ ಒಂದು ಕಥೆಯಿದೆ. ಇಸಾನ್ ಡಾರ್ಸಿ ಎಂಬವರು ಒಂದು ಕಾಲಕ್ಕೆ ಹೆಣ್ಣುವೇಷದಲ್ಲಿ ರಂಗದ ಮೇಲೆ ಕುಣಿಯುತ್ತಿದ್ದವರು, ಮುಂದೆ ಜೆನ್ ಗುರುವಾದರು. ಏಡ್ಸ್ ತಗುಲಿ ದಿಕ್ಕಿಲ್ಲದೆ ಉಳಿದ ಶಿಷ್ಯನೊಬ್ಬನನ್ನು 1987ರಲ್ಲಿ ಧ್ಯಾನಕೇಂದ್ರಕ್ಕೇ ತಂದು ಮಲಗಿಸಿಕೊಂಡರು. ಅಲ್ಲಿಂದ ಬೆಳೆದದ್ದು ಮೈತ್ರಿ. 1990ರಲ್ಲಿ ಡಾರ್ಸಿ ಅವರನ್ನೂ ಅದೇ ರೋಗ ಕೊಂಡೊಯ್ಯಿತು. ಆಸ್ಪತ್ರೆಯ ಸಿಬ್ಬಂದಿಯೇ ಊಟದ ತಟ್ಟೆಯನ್ನು ಬಾಗಿಲ ಹೊರಗಿಟ್ಟು ಹೋಗುತ್ತಿದ್ದ ಕಾಲದಲ್ಲಿ, ಇಂಥ ಮನೆಯಲ್ಲಿ ಯಾರೂ ಯಾರಿಗೂ ತಾವು ಯಾರೆಂದು ವಿವರಿಸಬೇಕಾಗಿರಲಿಲ್ಲ.

ದಿನಚರಿಗಳು

ಅಪ್ಪ ಹೋದ ಮೇಲೆ ಸಾಮಾನು ಸರಂಜಾಮು ತೆಗೆಯುವಾಗ ಮಗಳಿಗೆ ದಿನಚರಿಗಳ ಕಟ್ಟು ಸಿಕ್ಕಿತು. 1970ರ ದಶಕದ ಆರಂಭದಿಂದ ಬರೆದಿಟ್ಟವು.

ಅದುವರೆಗೆ ಅಲೀಸಿಯಾ ತಮಗೇ ಹೇಳಿಕೊಂಡು ಬಂದಿದ್ದ ಕಥೆ ಒಂದಿತ್ತು. ಅಪ್ಪ ಅಮ್ಮನನ್ನು ಎಷ್ಟು ಪ್ರೀತಿಸುತ್ತಿದ್ದರೆಂದರೆ, ಅಮ್ಮ ಹೋದ ಮೇಲೆ ಬೇರೆ ಹೆಣ್ಣನ್ನು ನೋಡಲಾರದೆ ಗಂಡಸರತ್ತ ತಿರುಗಿದರು. ಎಂಥ ಸೊಗಸಾದ ಕಥೆ! ಅಮ್ಮನ ಸ್ಥಾನವೂ ಉಳಿಯಿತು, ಅಪ್ಪನ ಒಲವಿಗೊಂದು ನೆಪವೂ ಸಿಕ್ಕಿತು. ದಿನಚರಿ ಇದನ್ನು ಕೆಡವಿ ಹಾಕಿತು. ಬಾರ್ಬರಾ ಬದುಕಿದ್ದಾಗಲೇ, ಅವರಿಗೆ ಗೊತ್ತಿದ್ದೇ ಸ್ಟೀವ್‌ಗೆ ಗೆಳೆಯರಿದ್ದರು. ಮದುವೆಯಲ್ಲಿ ಪ್ರೀತಿಯ ಜೊತೆಗೆ ಬಿರುಕೂ ಇತ್ತು. ತಂದೆಯಾಗುವ ವಿಷಯದಲ್ಲಿ ಅವರಿಗೆ ಅಳುಕಿತ್ತು. ಮಗು ಒಮ್ಮೊಮ್ಮೆ ಹೊರೆ ಎನಿಸಿದ್ದೂ ಆ ಪುಟಗಳಲ್ಲಿದೆ, ಅದೇ ಮಗುವಿನ ಮಾತು, ಆಟ, ಹಟಗಳನ್ನು ಕೂತು ಬರೆದಿಟ್ಟದ್ದೂ ಇದೆ.

ಬಚ್ಚಿಡದ ಬದುಕಿನಿಂದ ಮಗಳಿಗೆ ಏನು ದಕ್ಕಿತು ಎಂಬ ಪ್ರಶ್ನೆಗೆ ನಾನು ಬೆರಳಿಟ್ಟು ತೋರಿಸುವುದು ಈ ಪುಟಗಳನ್ನು. ಬದುಕಿದ್ದಾಗ ಅಪ್ಪನ ಬಿಚ್ಚುಮನಸ್ಸು ಅವಳಿಗೆ ಮುಜುಗರ ತಂದಿತು, ಗುಟ್ಟಿನ ಭಾರ ಹೊರಿಸಿತು. ಸತ್ತ ಮೇಲೆ ಅದೇ ಬಿಚ್ಚುಮನಸ್ಸು ಇಡೀ ಮನುಷ್ಯನನ್ನು ಅವಳ ಕೈಗೆ ಕೊಟ್ಟಿತು. ಮುಚ್ಚಿಟ್ಟು ಬದುಕಿದ ತಂದೆಯ ಮಕ್ಕಳು ಕಾಗದ ಪತ್ರಗಳಲ್ಲಿ ಹುಡುಕುವುದು ಸುಳಿವುಗಳನ್ನು. ಅಲೀಸಿಯಾ ಹುಡುಕಬೇಕಾಗಿರಲಿಲ್ಲ, ಓದಲು ಧೈರ್ಯ ಮಾಡಿದರೆ ಸಾಕಿತ್ತು. ಆ ಧೈರ್ಯವನ್ನು ಪುಸ್ತಕವಾಗಿಸಲು ಅವರಿಗೆ ಎರಡು ದಶಕ ಹಿಡಿಯಿತು. ಬರೆಯುವಾಗ ತಮಗೆ ನೋವುಂಟುಮಾಡಿದ ಸಾಲುಗಳನ್ನು ಕತ್ತರಿಸಲಿಲ್ಲ. ಅಪ್ಪನನ್ನು ದೂರ ತಳ್ಳಿದ ಹದಿಹರೆಯದ ತಮ್ಮನ್ನೂ ಬಿಡಲಿಲ್ಲ. ತೀರಿಹೋದ ತಂದೆಯ ಬಗ್ಗೆ ನಾವು ಬರೆಯುವ ಶ್ರದ್ಧಾಂಜಲಿಗಳಲ್ಲಿ ಎಲ್ಲ ಅಪ್ಪಂದಿರೂ ಶಿಸ್ತಿನ ಸಿಪಾಯಿಗಳು, ತ್ಯಾಗಮೂರ್ತಿಗಳು. ಅವನ್ನು ಓದಿ ಅಭ್ಯಾಸವಾದ ಕಣ್ಣಿಗೆ ಈ ಪುಸ್ತಕ ಮೊದಲು ಒರಟೆನಿಸುತ್ತದೆ. ಪ್ರೀತಿ ಎಲ್ಲಿದೆ ಎಂದು ತಿಳಿಯಲು ಸ್ವಲ್ಪ ತಡವಾಗುತ್ತದೆ.

ನಂತರ

ಪುಸ್ತಕ ಬಂದ 2013ರ ಜೂನ್‌ನಲ್ಲೇ ಅಮೆರಿಕದ ಸುಪ್ರೀಂ ಕೋರ್ಟ್, ವಿವಾಹವನ್ನು ಗಂಡು ಹೆಣ್ಣಿಗೆ ಮಾತ್ರ ಸೀಮಿತಗೊಳಿಸಿದ್ದ ಕೇಂದ್ರ ಕಾನೂನಿನ ಮುಖ್ಯ ಭಾಗವನ್ನು ಹೊಡೆದುಹಾಕಿತು. ಅದೇ ವರ್ಷದ ಡಿಸೆಂಬರ್ 11ರಂದು ನಮ್ಮ ಸುಪ್ರೀಂ ಕೋರ್ಟ್, ಸಲಿಂಗ ಸಂಬಂಧವನ್ನು ಅಪರಾಧವಾಗಿಸಿದ್ದ ಭಾರತೀಯ ದಂಡ ಸಂಹಿತೆಯ 377ನೇ ವಿಧಿಗೆ ಮತ್ತೆ ಜೀವ ಕೊಟ್ಟಿತು. 2018ರ ಸೆಪ್ಟೆಂಬರ್ 6ರ ತೀರ್ಪಿನಿಂದ ಆ ವಿಧಿ ವಯಸ್ಕರ ಸಮ್ಮತಿಯ ಸಂಬಂಧಗಳಿಂದ ಹಿಂದೆ ಸರಿಯಿತು. ಸಲಿಂಗ ವಿವಾಹದ ಕುರಿತ 2023ರ ಅಕ್ಟೋಬರ್ 17ರ ತೀರ್ಪಿನ ನಂತರವೂ ಸಲಿಂಗಿ ಜೋಡಿ ಒಟ್ಟಾಗಿ ಮಗುವನ್ನು ದತ್ತು ಪಡೆಯಲು ಇಲ್ಲಿ ದಾರಿಯಿಲ್ಲ. ಆದರೂ ಇಲ್ಲಿ ಸಲಿಂಗಿ ತಂದೆಯರು ಇದ್ದಾರೆ, ಮೊದಲೂ ಇದ್ದರು. ಎಲ್ಲೋ ಕೆಲವರ ಮಕ್ಕಳಿಗೆ ಅದು ಗೊತ್ತಿದೆ.

ಏಡ್ಸ್‌ನಿಂದ ತಂದೆಯನ್ನೋ ತಾಯಿಯನ್ನೋ ಕಳೆದುಕೊಂಡು, ಕಾರಣ ಕೇಳಿದವರಿಗೆ ಬೇರೇನೋ ಹೇಳುತ್ತ ಬೆಳೆದವರು ಅಮೆರಿಕದಲ್ಲಿ ಬಹಳ ಮಂದಿ. ಅವರ ನೆನಪುಗಳನ್ನು ಒಂದೆಡೆ ಸೇರಿಸಲು ಅಲೀಸಿಯಾ ಇನ್ನೊಬ್ಬ ಪತ್ರಕರ್ತೆಯೊಡನೆ 'ದಿ ರಿಕಲೆಕ್ಟರ್ಸ್' ಎಂಬ ಯೋಜನೆ ಶುರುಮಾಡಿದರು. 2023ರಲ್ಲಿ ಪುಸ್ತಕ ಸಿನಿಮಾ ಆಗಿ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ತೆರೆಕಂಡಿತು.

ಒಂದು ತಕರಾರನ್ನು ಇಲ್ಲಿ ದಾಖಲಿಸಬೇಕು. ಪುಸ್ತಕ, ಸಿನಿಮಾಗಳ ಭರಾಟೆಯಲ್ಲಿ ಸ್ಟೀವ್ 'ಅಲೀಸಿಯಾಳ ಅಪ್ಪ' ಆಗಿಬಿಟ್ಟರು. ತಾವು ಕವಿಯಾಗಿ ಉಳಿಯಬೇಕೆಂದು ಆಸೆಪಟ್ಟವರು ಅವರು. ಅವರ ಸಂಕಲನಗಳು ಸಣ್ಣ ಪ್ರಕಾಶನಗಳಿಂದ ಬಂದವು, ಅಂಗಡಿಗಳಿಂದ ಬೇಗ ಮರೆಯಾದವು. ಆಯ್ದ ಬರಹಗಳ ಒಂದು ದಪ್ಪ ಸಂಪುಟ, 'ಬ್ಯೂಟಿಫುಲ್ ಏಲಿಯನ್ಸ್', ಹೊರಬಂದದ್ದು 2019ರಲ್ಲಿ, ಸಾವಿಗೆ 27 ವರ್ಷ ತುಂಬಿದ ಮೇಲೆ. ಸಂಪಾದಿಸಿದವರು ಜೇಮಿ ಟೌನ್‌ಸೆಂಡ್ ಎಂಬ ಕವಿ. ಮಗಳ ಪುಸ್ತಕವನ್ನು ಓದಿ ಮುಗಿಸಿದವರು ಇದನ್ನೂ ತೆರೆಯಲಿ. ಅಲ್ಲಿ ಸ್ಟೀವ್ ಯಾರ ಅಪ್ಪನೂ ಅಲ್ಲದ ಪುಟಗಳೂ ಬೇಕಾದಷ್ಟಿವೆ.